ಗೋಡೆ ತೇವ, ಬೂಷ್ಟು: ಶನಿವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿಸಿಲೇ ಜಾಸ್ತಿ ಅಂತ ನಾವು ಗೋಡೆ ಕಡೆ ನೋಡುವುದೇ ಇಲ್ಲ, ಅಲ್ವಾ? ಈ ಮಳೆಗೆ ಟೆರೇಸ್ ನೀರು ಇಳಿದು ಮೇಲಿನ ಮಹಡಿಯ ನಾಲ್ಕೂ ಮನೆಗಳ ಗೋಡೆ ತೇವವಾಗಿದೆ. ನಮ್ಮಲ್ಲಿ ಬೀರು ಸರಿಸಿದರೆ ಹಿಂದೆಲ್ಲ ಕಪ್ಪು ಬೂಷ್ಟು, ಮಗಳ ಕೆಮ್ಮು ಹದಿನೈದು ದಿನದಿಂದ ನಿಂತಿಲ್ಲ, ಡಾಕ್ಟರ್ ಮೊದಲು ಕೇಳಿದ್ದೇ ಮನೆಯಲ್ಲಿ ತೇವ ಇದೆಯಾ ಅಂತ. ಆಸ್ತಮಾ ಇರುವವರು, ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಯವರು ದಯವಿಟ್ಟು ಇವತ್ತೇ ನೋಡಿ.

ಬೀರು, ಮಂಚ, ಅಕ್ಕಿ ಚೀಲ ಗೋಡೆಯಿಂದ ದೂರ ಸರಿಸಿ. ಒಣ ಬೂಷ್ಟನ್ನು ಪೊರಕೆಯಲ್ಲಿ ಉಜ್ಜಬೇಡಿ, ಪುಡಿ ಹಾರಿ ಮೂಗಿಗೆ ಹೋಗುತ್ತದೆ. ಮಾಸ್ಕ್, ಗ್ಲೌಸ್ ಹಾಕಿಕೊಂಡು, ಕಿಟಕಿ ತೆಗೆದು, ಸೋಪಿನ ನೀರಿನಲ್ಲಿ ಒರೆಸಿ, ಆಮೇಲೆ ಪೂರ್ತಿ ಒಣಗಿಸಿ. ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಆಸಿಡ್ ಸೇರಿಸಲೇಬೇಡಿ, ವಿಷದ ಗಾಳಿ ಬರುತ್ತದೆ. ಒದ್ದೆಯಾದ ಹಾಸಿಗೆ 24ರಿಂದ 48 ಗಂಟೆಯೊಳಗೆ ಒಣಗಬೇಕು. ಸುಮ್ನೆ ಮೇಲೆ ಪೇಂಟ್ ಹೊಡೆಸಬೇಡಿ, ನೀರು ಇಳಿಯುವುದನ್ನು ತಡೆಯದಿದ್ದರೆ ಮತ್ತೆ ಬರುತ್ತದೆ.

ಭಾನುವಾರ ಬೆಳಿಗ್ಗೆ 10ಕ್ಕೆ ಮೇಸ್ತ್ರಿ ಟೆರೇಸ್ ನೋಡಲು ಬರುತ್ತಾರೆ. ಶನಿವಾರ ರಾತ್ರಿಯೊಳಗೆ ಮನೆ ನಂಬರ್, ಗೋಡೆ ಫೋಟೋ ಇಲ್ಲಿ ಹಾಕಿ. ತೇವ ಇಲ್ಲದಿದ್ದರೂ ‘ಇಲ್ಲ’ ಅಂತ ಬರೆಯಿರಿ. ಕೆಳಗಿನ ಮನೆಯವರೂ ಬಾತ್‌ರೂಮ್ ಪಕ್ಕದ ಗೋಡೆ ಒಮ್ಮೆ ಮುಟ್ಟಿ ನೋಡಿ.