ಹಲ್ಲಿಗೆ ಮೆಕ್ಸಿಕೋ, ಭುಜಕ್ಕೆ ಬೆಂಗಳೂರು: ಗೆಳೆಯನಿಗೊಂದು ಪತ್ರ

ಪ್ರೀತಿಯ ಸಾಹುಕಾರ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲೇ ಇಲ್ಲ. "ಅಮೆರಿಕದಲ್ಲಿ ಇದ್ಕೊಂಡು ಹಲ್ಲು ಕಟ್ಟಿಸೋಕೆ ಯಾರಾದ್ರೂ ಮೆಕ್ಸಿಕೋಗೆ ಹೋಗ್ತಾರೇನೋ?" ಅಂದೆ. ಅಷ್ಟರಲ್ಲಿ ಅಂಗಡಿಗೆ ಯಾರೋ ಚೀಟಿ ಹಿಡಿದು ಬಂದರು, ನೀನು ಫೋನ್ ಇಟ್ಟೆ. ಉತ್ತರ ಇಲ್ಲೇ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕಾರು ಜನ ಕೇಳಿದ್ದಾರೆ. ನಿನಗೊಬ್ಬನಿಗೇ ಬರೆದರೆ ಓದಿ, ನಕ್ಕು, ಸುಮ್ಮನಾಗುತ್ತೀಯ. ಇಲ್ಲಿ ಬರೆದರೆ ಊರಿನವರು ಹಿಡಿದು ಕೇಳುತ್ತಾರೆ. ಮೂರನೇ ಬೆಂಚಿನ ಕಾನೂನು ಇನ್ನೂ ಜಾರಿಯಲ್ಲಿದೆ ಅಲ್ವಾ?

ನಾನು ಹಲ್ಲು ಕಟ್ಟಿಸಲು ಹೋದ ಮೆಕ್ಸಿಕೋದ ಊರಿನ ಹೆಸರು ಲಾಸ್ ಅಲ್ಗೊಡೋನೆಸ್. ನಮ್ಮ ಫೀನಿಕ್ಸ್‌ನಿಂದ ಯೂಮಾ ಕಡೆಗೆ ಸುಮಾರು ಮೂರು ಗಂಟೆ ಕಾರು ಓಡಿಸಬೇಕು. ಎರಡೂ ಕಡೆ ಬರೀ ಮರುಭೂಮಿ. ಯೂಮಾ ದಾಟಿದರೆ ಗಡಿಯ ಪಕ್ಕದಲ್ಲೇ ಕ್ವೆಚಾನ್ ಬುಡಕಟ್ಟಿನವರು ನಡೆಸುವ ದೊಡ್ಡ ಪಾರ್ಕಿಂಗ್ ಜಾಗ ಇದೆ. ಅಲ್ಲಿ ಕಾರು ಬಿಟ್ಟು ನಡೆದುಕೊಂಡೇ ಇನ್ನೊಂದು ದೇಶಕ್ಕೆ ಹೋಗಬಹುದು. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ನಮ್ಮಂಥವರಿಗೆ ಮೆಕ್ಸಿಕೋದವರು ಬೇರೆ ವೀಸಾ ಕೇಳುವುದಿಲ್ಲ. ಕೆಲವೇ ಸಾವಿರ ಜನರ ಊರು ಅದು, ಆದರೆ ಹಲ್ಲಿನ ಡಾಕ್ಟರು ನೂರಾರು. ಅದಕ್ಕೇ ಇಲ್ಲಿಯವರು ಅದನ್ನು 'ಮೋಲಾರ್ ಸಿಟಿ', ಅಂದರೆ ದವಡೆ ಹಲ್ಲಿನ ಊರು, ಅನ್ನುತ್ತಾರೆ. ಗೇಟು ದಾಟಿದ ಕೂಡಲೇ ಹಲ್ಲು, ಕನ್ನಡಕ, ಔಷಧಿ ಅಂತ ಕೂಗಿ ಕರೆಯುತ್ತಾರೆ. ಮೆಜೆಸ್ಟಿಕ್‌ನಲ್ಲಿ ತುಮಕೂರು, ತುಮಕೂರು ಅಂತ ಕೂಗಿ ಬಸ್ಸಿಗೆ ಹತ್ತಿಸುತ್ತಾರಲ್ಲ, ಹಾಗೆ.

ಇಲ್ಲಿ ಮೈಯ ವಿಮೆಯೇ ಬೇರೆ, ಹಲ್ಲಿನ ವಿಮೆಯೇ ಬೇರೆ. ಹಲ್ಲಿನ ವಿಮೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರದಿಂದ ಎರಡು ಸಾವಿರ ಡಾಲರ್‌ವರೆಗೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ದವಡೆಗೆ ತಿರುಪು ಕೂರಿಸಿ ಕಟ್ಟುವ ಒಂದು ಹಲ್ಲಿಗೆ, ಅಂದರೆ ಇಂಪ್ಲಾಂಟ್‌ಗೆ, ಮೇಲಿನ ಕ್ರೌನ್ ಸೇರಿ, ಮೂರರಿಂದ ಐದು ಸಾವಿರ ಡಾಲರ್ ಆಗುತ್ತದೆ. ಗಡಿಯಾಚೆ ಅದೇ ಕೆಲಸಕ್ಕೆ ಮೂರನೇ ಒಂದು ಭಾಗದ ಆಸುಪಾಸು. 65 ದಾಟಿದವರಿಗೆ ಸರ್ಕಾರ ಕೊಡುವ ಮೆಡಿಕೇರ್ 1965ರಲ್ಲಿ ಬಂದಾಗಲೇ ಹಲ್ಲಿನ ಸಾಮಾನ್ಯ ಚಿಕಿತ್ಸೆಯನ್ನು ಹೊರಗಿಟ್ಟಿತು, ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಹಾಗಾಗಿ ಚಳಿಗಾಲದಲ್ಲಿ ಅಲ್ಗೊಡೋನೆಸ್ ತುಂಬ ಬಿಳಿ ಕೂದಲಿನ ಜನ. ಜೀವಮಾನವಿಡೀ ದುಡಿದು ತೆರಿಗೆ ಕಟ್ಟಿದವರು, ಇದೇ ದೇಶದಲ್ಲಿ ಹುಟ್ಟಿದವರು. ವಾಪಸ್ ಬರುವ ಸಾಲಿನಲ್ಲಿ ಬಿಸಿಲಿಗೆ ಕೆನ್ನೆ ಊದಿಸಿಕೊಂಡು ನಿಂತಿರುತ್ತಾರೆ. ಅವರ ನಡುವೆ ನಿಂತಾಗ ನನಗೆ ಬಹಳ ಬೇಜಾರಾಯಿತು.

ಬೆಂಗಳೂರಿನಲ್ಲೇ ಯಾಕೆ ಮಾಡಿಸಲಿಲ್ಲ ಅಂತ ನೀನು ಕೇಳುತ್ತೀಯ ಅಂತ ಗೊತ್ತು. ಬೇರೆ ಎಲ್ಲವನ್ನೂ ಅಲ್ಲೇ ಮಾಡಿಸುತ್ತೇನೆ. ಹೋದ ಸಲ ಬಂದಾಗ ಭುಜದ ಎಂಆರ್‌ಐ ಅಲ್ಲೇ ಆಯಿತು, ಕೆಲವು ಸಾವಿರ ರೂಪಾಯಿಯಲ್ಲಿ, ಮರುದಿನವೇ. ಇಂಪ್ಲಾಂಟ್ ಹಾಗಲ್ಲ. ದವಡೆಯ ಮೂಳೆಗೆ ಟೈಟಾನಿಯಂ ತಿರುಪು ಕೂರಿಸಿ, ಮೂಳೆ ಅದನ್ನು ಹಿಡಿದುಕೊಳ್ಳುವವರೆಗೆ ಮೂರರಿಂದ ಆರು ತಿಂಗಳು ಕಾಯಬೇಕು, ಆಮೇಲೆ ಮೇಲಿನ ಹಲ್ಲು. ಅಂದರೆ ಎರಡು ಸಲ ಬರಬೇಕು. ವಿಮಾನದ ಟಿಕೆಟ್ ಸೇರಿಸಿದರೆ ಉಳಿತಾಯ ಏನೂ ಇರುವುದಿಲ್ಲ. ಈ ಪತ್ರ ಓದುವ ಯಾರಾದರೂ ಮೆಕ್ಸಿಕೋಗೆ ಹೊರಟಿದ್ದರೆ ಒಂದು ಮಾತು: ಅಲ್ಲಿನ ಡಾಕ್ಟರಿಗೆ 'ಸೆಡುಲಾ ಪ್ರೊಫೆಸಿಯೊನಾಲ್' ಅಂತ ಲೈಸೆನ್ಸ್ ನಂಬರ್ ಇರುತ್ತದೆ. ಅದನ್ನು ಕೇಳಿ, ಸರ್ಕಾರದ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಬಾಯಿ ತೆರೆಯಿರಿ. ಆಮೇಲೆ ಏನಾದರೂ ನೋವಾದರೆ ಮತ್ತೆ ಅಷ್ಟೂ ದೂರ ಹೋಗಬೇಕು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇಲ್ಲಿಗೆ ನಿನ್ನ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ಬರೆಯಲು ಕೂತ ಮೇಲೆ ಬೇರೆ ಏನೋ ಮುಂದೆ ಬಂದು ನಿಂತಿದೆ.

ಇಲ್ಲಿನ ನಮ್ಮ ಜನರನ್ನು ನೋಡು. ಯುಗಾದಿ ಊಟಕ್ಕೆ ಸೇರಿದಾಗ ಸುಮ್ನೆ ಕಿವಿಗೊಟ್ಟರೆ ಸಾಕು. ಎಲ್ಲರ ಹತ್ತಿರವೂ ಒಂದು ಡಿಸೆಂಬರ್ ಪಟ್ಟಿ ಇದೆ. ರೂಟ್ ಕೆನಾಲ್ ಡಿಸೆಂಬರ್‌ಗೆ, ಕಣ್ಣು ಡಿಸೆಂಬರ್‌ಗೆ, ಮಂಡಿ ತೋರಿಸೋದು ಡಿಸೆಂಬರ್‌ಗೆ, ಮೈಯೆಲ್ಲ ಚೆಕಪ್ ಡಿಸೆಂಬರ್‌ಗೆ. ಬೆಂಗಳೂರಿಗೆ ಇಳಿದ ಮೊದಲ ವಾರ ನೆಂಟರ ಮನೆಗಲ್ಲ, ಲ್ಯಾಬಿಗೆ ಹೋಗುತ್ತೇವೆ. ನಾನೂ ಹಾಗೇ. ನೆಮ್ಮದಿ ಇತ್ತು ಅದರಲ್ಲಿ. ಇಲ್ಲಿ ಏನೇ ಆಗಲಿ, ಅಲ್ಲಿ ನಮ್ಮದೊಂದು ಊರಿದೆ, ಕೈಗೆಟಕುವ ಆಸ್ಪತ್ರೆ ಇದೆ ಅಂತ.

ಈಗ ಆ ನೆಮ್ಮದಿ ಹೋಗಿದೆ. ಯಾಕೆಂದರೆ ಹಲ್ಲು ಕಾಯುತ್ತದೆ, ಮಂಡಿ ಕಾಯುತ್ತದೆ, ಕಣ್ಣಿನ ಪೊರೆಯೂ ಕಾಯುತ್ತದೆ. ಹೃದಯ ಕಾಯುವುದಿಲ್ಲ ಕಣೋ. ಮೆದುಳಿನ ರಕ್ತನಾಳ ಕಟ್ಟಿಕೊಂಡರೆ, ಹೆಪ್ಪು ಕರಗಿಸುವ ಇಂಜೆಕ್ಷನ್ 4.5 ಗಂಟೆಯೊಳಗೆ ಬೀಳಬೇಕು. ದೊಡ್ಡ ಹಾರ್ಟ್ ಅಟ್ಯಾಕ್ ಆದರೆ, ಆಸ್ಪತ್ರೆಯ ಬಾಗಿಲಿಗೆ ಬಂದ 90 ನಿಮಿಷದೊಳಗೆ ರಕ್ತನಾಳ ತೆರೆಯಬೇಕು ಅನ್ನುತ್ತಾರೆ. ಫೀನಿಕ್ಸ್‌ನಿಂದ ಬೆಂಗಳೂರಿಗೆ ಎಷ್ಟು ಬೇಗ ಅಂದರೂ ಒಂದಿಡೀ ದಿನ ಬೇಕು.

ಇದು ನನಗೆ ಓದಿ ತಿಳಿದದ್ದಲ್ಲ. ಒಂದು ರಾತ್ರಿ ನನ್ನ ಹೆಂಡತಿಗೆ ಎದೆ ಹಿಡಿದುಕೊಂಡಿತು. ಬೆವರು, ಎಡಗೈ ನೋವು. ನಾನು 911ಕ್ಕೆ ಮಾಡಲು ಫೋನ್ ತೆಗೆದುಕೊಂಡೆ. ಅಷ್ಟು ನೋವಿನಲ್ಲೂ ಇವಳು ನನ್ನ ಕೈ ಹಿಡಿದು, "ಆಂಬುಲೆನ್ಸ್ ಬೇಡ, ಎಷ್ಟು ಬಿಲ್ ಬರುತ್ತೋ, ನೀವೇ ಕಾರಲ್ಲಿ ಕರ್ಕೊಂಡು ಹೋಗಿ" ಅಂದಳು. ದಾವಣಗೆರೆಯಲ್ಲಿ 108ಕ್ಕೆ ಫೋನ್ ಮಾಡುವಾಗ ಯಾರಿಗಾದರೂ ಈ ಯೋಚನೆ ಬರುತ್ತದಾ? 2008ರಿಂದ ಆ ಬಿಳಿ ಗಾಡಿ ನಮ್ಮ ರಾಜ್ಯದಲ್ಲಿ ದುಡ್ಡು ಕೇಳದೆ ಓಡುತ್ತಿದೆ. ತಡವಾಗಿ ಬಂದರೆ ಬೈಯುತ್ತೇವೆ, ಬೈಯಬೇಕು ಕೂಡ, ಆದರೆ ಕರೆಯೋದೋ ಬೇಡವೋ ಅಂತ ಲೆಕ್ಕ ಹಾಕುವುದಿಲ್ಲ. ಇಲ್ಲಿ 2022ರಲ್ಲಿ, ಅನಿರೀಕ್ಷಿತ ಬಿಲ್ಲುಗಳಿಂದ ಜನರನ್ನು ಕಾಪಾಡಲು ಒಂದು ಕಾನೂನು ಜಾರಿಗೆ ಬಂತು. ಅದರಲ್ಲಿ ಹೆಲಿಕಾಪ್ಟರ್ ಆಂಬುಲೆನ್ಸ್ ಸೇರಿತು, ರಸ್ತೆಯ ಮೇಲೆ ಓಡುವ ಆಂಬುಲೆನ್ಸ್ ಹೊರಗೇ ಉಳಿಯಿತು.

ಕಾರಿನಲ್ಲೇ ಹೋದೆವು. ಎಮರ್ಜೆನ್ಸಿಗೆ ಬಂದವರನ್ನು ದುಡ್ಡಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ ಅಂತ ಇಲ್ಲಿ 1986ರಿಂದ ಕಾನೂನಿದೆ. ಒಳಗಿದ್ದವರು ಬಹಳ ಚೆನ್ನಾಗಿ ನೋಡಿಕೊಂಡರು. ಇಸಿಜಿ ಆಯಿತು, ರಕ್ತ ಪರೀಕ್ಷೆ ಒಂದು ಸಲ ಆಗಿ ಮತ್ತೆ ಕೆಲವು ಗಂಟೆ ಬಿಟ್ಟು ಇನ್ನೊಂದು ಸಲ ಆಯಿತು. ಹೃದಯದ್ದಲ್ಲ, ಆಸಿಡಿಟಿ ಅಂದರು. ಬೆಳಿಗ್ಗೆ ಮನೆಗೆ ಬಂದು ಉಪ್ಪಿಟ್ಟು ತಿಂದೆವು. ಬಿಲ್ಲುಗಳು ಆಮೇಲೆ ಒಂದೊಂದಾಗಿ ಬಂದವು, ಆಸ್ಪತ್ರೆಯದ್ದು ಬೇರೆ, ಡಾಕ್ಟರದ್ದು ಬೇರೆ, ಲ್ಯಾಬಿನದ್ದು ಬೇರೆ. ಕಟ್ಟಿದೆವು. ಅದಲ್ಲ ವಿಷಯ.

ವಿಷಯ ಏನೆಂದರೆ, ಇವಳು "ಆಂಬುಲೆನ್ಸ್ ಬೇಡ" ಅಂದ ಕ್ಷಣ ನನಗೆ ಒಳಗೆ ಒಂದು ಸಣ್ಣ ಸಮಾಧಾನ ಆಯಿತು. ಒಂದೇ ಕ್ಷಣ. ಆದರೆ ಆಯಿತು. ಇಪ್ಪತ್ತು ವರ್ಷ ಒಟ್ಟಿಗೆ ಬದುಕಿದವಳು ಎದೆ ಹಿಡಿದುಕೊಂಡು ಕೂತಿದ್ದಾಗ ನನ್ನ ಮನಸ್ಸಿನ ಒಂದು ಮೂಲೆ ದುಡ್ಡಿನ ಲೆಕ್ಕ ಮಾಡುತ್ತಿತ್ತು. ಯಾವ ದೇಶದಲ್ಲಿ ಇದ್ದು ಇಂಥ ಮನಸ್ಸು ಬೆಳೆಸಿಕೊಂಡೆ ನಾನು? ಇದನ್ನು ಇವಳಿಗೂ ಹೇಳಿಲ್ಲ. ಇವಳು ಇಲ್ಲಿ ಓದುತ್ತಾಳೆ ಅಂತ ಗೊತ್ತು. ಓದಲಿ.

ಮುಂದಿನ ವರ್ಷ ವಾಪಸ್ ಬರುವ ಮಾತು ನಡೆದಿದೆ. ಕೇಳಿದವರಿಗೆಲ್ಲ ಅಪ್ಪ ಅಮ್ಮನಿಗೆ ವಯಸ್ಸಾಯಿತು ಅಂತ ಹೇಳುತ್ತಿದ್ದೇನೆ. ಅದೂ ನಿಜ. ಆದರೆ ನಿಜವಾದ ಕಾರಣ ಆ ರಾತ್ರಿ. ಇಲ್ಲಿ ಮುದುಕನಾಗಲು ನನಗೆ ಭಯ.

ಹಾಗಂತ ಅಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ನೀನೇ ಬೈಯುತ್ತೀಯ. ನಿನ್ನ ಅಂಗಡಿಯಲ್ಲಿ ಕೂತಿದ್ದಾಗ ನೋಡಿದ್ದೇನಲ್ಲ, ಹದಿನೈದು ದಿನದ ಮಾತ್ರೆ ಬರೆದಿದ್ದರೆ "ಸದ್ಯಕ್ಕೆ ನಾಲ್ಕು ಕೊಡ್ರಿ ಅಣ್ಣ" ಅನ್ನುವವರನ್ನು. ನನಗೆ ಕಡಿಮೆ ಅನ್ನಿಸಿದ ಎಂಆರ್‌ಐ ಅವರ ಒಂದು ತಿಂಗಳ ಕೂಲಿ ಇರಬಹುದು. ನಾನು ಡಾಲರ್ ಹಿಡಿದು ಬಂದಿದ್ದಕ್ಕೆ ಅದು ಸುಲಭ ಅನ್ನಿಸಿತು. ಅಲ್ಲೇ ದುಡಿದು ಅಲ್ಲೇ ಕಾಯಿಲೆ ಬೀಳುವವರಿಗೆ ಸುಲಭವಾಗಿಲ್ಲ. ಅವರು ಹೋಗಲು ಇನ್ನೊಂದು ದೇಶವೂ ಇಲ್ಲ. ಜಯದೇವ ಇದೆ, ಕಿದ್ವಾಯಿ ಇದೆ, ಅಂಥವು ಜಿಲ್ಲೆಗೊಂದು ಇದ್ದಿದ್ದರೆ ಅಂತ ಅನ್ನಿಸುತ್ತದೆ.

ಎಂಆರ್‌ಐಗೆ ಕಾಯುವಾಗ ನನ್ನ ಪಕ್ಕದಲ್ಲಿ ಬಾಂಗ್ಲಾದೇಶದ ಒಬ್ಬ ದೊಡ್ಡವರು ಕೂತಿದ್ದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಸುತ್ತಮುತ್ತ ಈಗ ಬಂಗಾಳಿ ಬೋರ್ಡುಗಳು ಜಾಸ್ತಿ. ಮಗನ ಕಿಡ್ನಿಗಾಗಿ ಹೊಲ ಮಾರಿ ಬಂದಿದ್ದೇವೆ ಅಂತ ಅರೆಬರೆ ಹಿಂದಿಯಲ್ಲಿ ಹೇಳಿದರು. ನಾನು ಅಮೆರಿಕದಿಂದ ಬಂದವನು ಅಂತ ಗೊತ್ತಾದಾಗ, "ಯಾಕೆ, ಅಲ್ಲಿ ಡಾಕ್ಟರಿಲ್ವಾ?" ಅಂದರು. ಪಾಪ, ನಿಜವಾಗಿಯೂ ಕೇಳಿದರು. ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಉರುಳಿದ ಮೇಲೆ ನಮ್ಮವರು ವೀಸಾ ಕೊಡುವುದನ್ನು ಬಹಳ ಕಡಿಮೆ ಮಾಡಿದರು. ಆಗೆಲ್ಲ ಆ ಅಪ್ಪ ಮಗ ನೆನಪಾಗುತ್ತಿದ್ದರು. ಕಿಡ್ನಿ ಹಾಕಿಸಿಕೊಂಡವರು ಮತ್ತೆ ಮತ್ತೆ ತೋರಿಸಿಕೊಳ್ಳಲು ಬರಬೇಕಲ್ಲ. 2025ರ ಮಾರ್ಚ್‌ನಲ್ಲಿ ಬಾಂಗ್ಲಾದ ರೋಗಿಗಳ ಒಂದು ತಂಡ ಚೀನಾದ ಕುನ್ಮಿಂಗ್‌ಗೆ ಹೋಯಿತು ಅಂತ ಓದಿದೆ.

ನಿನಗೆ ನೆನಪಿದೆಯಾ, ನಿಂತುಹೋಗಿದ್ದ ದೆಹಲಿ-ಲಾಹೋರ್ ಬಸ್ಸು 2003ರ ಜುಲೈನಲ್ಲಿ ಮತ್ತೆ ಶುರುವಾದಾಗ ಅದರಲ್ಲಿ ಬಂದ ಎರಡು ವರ್ಷದ ಪಾಕಿಸ್ತಾನದ ಮಗು? ಹೃದಯದಲ್ಲಿ ರಂಧ್ರ ಇತ್ತು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಆಪರೇಷನ್ ಆಯಿತು. ದಿನಾ ಪೇಪರ್ ತೆಗೆದು ಆ ಮಗು ಹೇಗಿದೆ ಅಂತಲೇ ಮೊದಲು ನೋಡುತ್ತಿದ್ದೆವು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯಾದ ಮೇಲೆ ಪಾಕಿಸ್ತಾನದವರ ವೀಸಾಗಳು ರದ್ದಾದವು. ಮೆಡಿಕಲ್ ವೀಸಾದಲ್ಲಿ ಬಂದವರಿಗೂ 29ನೇ ತಾರೀಕೇ ಕೊನೆ. ಆ ದಾಳಿಯ ಸಿಟ್ಟು ನನಗೂ ಇದೆ, ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಆದರೂ ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಹೋಗಬೇಕಾದ ಮಕ್ಕಳನ್ನು ನೆನೆದರೆ ಗಂಟಲು ಕಟ್ಟುತ್ತದೆ. 2020ರ ಮಾರ್ಚ್‌ನಲ್ಲಿ ನಮಗೂ ಹೀಗೇ ಆಯಿತಲ್ಲ. ಭಾರತಕ್ಕೆ ವಿಮಾನಗಳೇ ನಿಂತವು, ಇತ್ತ ಮೆಕ್ಸಿಕೋ ಗಡಿಯಲ್ಲೂ ತಡೆ ಬಿತ್ತು. ಅವತ್ತು ನನ್ನ ಡಿಸೆಂಬರ್ ಪಟ್ಟಿಗೆ ಏನು ಬೆಲೆ ಇತ್ತು? ಗಡಿಯ ಆಚೆಗಿರುವ ಆಸ್ಪತ್ರೆ ನಮ್ಮದು ಅಂದುಕೊಂಡು ಬದುಕುವುದು ನನಗೆ ಇನ್ನು ಸಾಧ್ಯವಿಲ್ಲ, ಸಾಹುಕಾರ.

ಬಹಳ ಆಯಿತು. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ.

ಹಲ್ಲು ಚೆನ್ನಾಗಿ ಕೂತಿದೆ, ಚಕ್ಕುಲಿ ಕಡಿದು ಪರೀಕ್ಷೆ ಮಾಡಿ ಆಯಿತು. ಗಡಿಯಾಚೆ ವೆನಿಲಾ ಬಹಳ ಒಳ್ಳೆಯದು ಸಿಗುತ್ತದೆ, ನಿಮ್ಮ ಮನೆಯವರಿಗೆ ಅಂತ ಒಂದು ಬಾಟಲಿ ತಂದಿದ್ದೇನೆ. ಬೇಕರಿಯವರಿಗೆ ಮಾತ್ರ ಹೇಳಬೇಡ, ಹೋದ ಸಲದ ಗಲಾಟೆ ಸಾಕು. ನಾನು ಬಂದ ಮೇಲೆ ಬಾಪೂಜಿ ಡೆಂಟಲ್ ಕಾಲೇಜಿನ ಎದುರು ಒಂದು ಸಲ ಹೋಗಿ ನಿಲ್ಲೋಣ, ಯಾಕೆ ಅಂತ ನಿನಗೊಬ್ಬನಿಗೇ ಗೊತ್ತು. ಮತ್ತೆ, ಹಸಿರು ಚೇತಕ್ ಮಾರಿದೆ ಅಂತ ನಿನ್ನ ತಮ್ಮ ಹೇಳುತ್ತಿದ್ದ. ನಾನು ನಂಬಲಿಲ್ಲ. ಕೀಲಿ ಇನ್ನೂ ನನ್ನ ಹತ್ತಿರವೇ ಇದೆಯಲ್ಲೋ.

ನಿನ್ನ,
ಕೊನೇ ಬಸ್ಸು