ಅಪ್ಪನ ಕಾಲು ತೊಳೆದವರಿಗೆ

ಕಳೆದ ಭಾನುವಾರ ಅಪ್ಪ ನಡೆದುಕೊಂಡೇ ಆರಾಧನೆಗೆ ಬಂದರು. ಎಷ್ಟೋ ಜನ ಓಡಿ ಬಂದು ಕೈ ಹಿಡಿದು ಮಾತಾಡಿಸಿದಿರಿ. ಆ ಗಡಿಬಿಡಿಯಲ್ಲಿ ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಅಪ್ಪನಿಗೆ ಸಕ್ಕರೆ ಕಾಯಿಲೆ ಹಳೆಯದು. ಮಳೆಗಾಲದ ಶುರುವಿನಲ್ಲಿ ಚಪ್ಪಲಿಯ ಮೊಳೆ ಅಂಗಾಲಿಗೆ ಚುಚ್ಚಿತು. ಕಾಯಿಲೆಯಿಂದ ಕಾಲು ಮರಗಟ್ಟಿದ್ದರಿಂದ ಅವರಿಗೆ ಗೊತ್ತೇ ಆಗಲಿಲ್ಲ. ನೆಲದ ಮೇಲೆ ರಕ್ತದ ಕಲೆ ನೋಡಿ ಅಮ್ಮ ಕೂಗಿಕೊಂಡಾಗಲೇ ತಿಳಿದದ್ದು. ಆಮೇಲೆ ಮಂಗಳೂರಿನ ಕಂಕನಾಡಿ ಆಸ್ಪತ್ರೆ, ಆಪರೇಷನ್. ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಅಲ್ಲಿನ ಡಾಕ್ಟರು, ಸಿಸ್ಟರ್‌ಗಳು, ವಾರ್ಡಿನ ಆಯಾಗಳು ನೋಡಿಕೊಂಡ ರೀತಿ ನಾವು ಮರೆಯುವಂಥದ್ದಲ್ಲ.

ನಿಜವಾದ ಕಷ್ಟ ಮನೆಗೆ ಬಂದ ಮೇಲೆ ಶುರುವಾಯಿತು. ದಿನಾ ಗಾಯ ತೊಳೆದು ಡ್ರೆಸ್ಸಿಂಗ್ ಮಾಡಬೇಕು. ಅಮ್ಮನ ಕೈ ನಡುಗುತ್ತದೆ. ನನಗೆ ಬೆಳಿಗ್ಗೆ ಏಳಕ್ಕೆ ಬಸ್. ಆಗ ತಾವಾಗಿಯೇ ಬಂದವರು ನಮ್ಮ ಚರ್ಚ್ ಗುಡಿಸಿ ಒರೆಸುವ ಅಕ್ಕ. ಹಿಂದೆ ಒಂದು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಕೆಲಸ ಮಾಡಿದವರು. ಡಾಕ್ಟರು ತಮ್ಮ ಎದುರಿಗೇ ಒಮ್ಮೆ ಮಾಡಿಸಿ ನೋಡಿ ಒಪ್ಪಿಕೊಂಡರು. ಹೆಸರು ಹಾಕಬಾರದು ಅಂತ ಅಕ್ಕ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಹಾಕುತ್ತಿಲ್ಲ. ಆದರೆ ಸುಮ್ನೆ ಇರೋಕೂ ಆಗುವುದಿಲ್ಲ.

ಅಪ್ಪನನ್ನು ನೀವು ಬಲ್ಲಿರಿ. ಹೆಡ್‌ಮಾಸ್ಟ್ರಾಗಿ ನಿವೃತ್ತರಾದವರು, ಸಭೆಯ ಹಿರಿಯರು, ಮುಂದಿನ ಬೆಂಚಿನವರು. ಜೀವನಪೂರ್ತಿ ಬೇರೆಯವರಿಗೆ ಮಾಡಿಯೇ ಅಭ್ಯಾಸ. ಇನ್ನೊಬ್ಬರಿಂದ ಮಾಡಿಸಿಕೊಳ್ಳುವುದು ಅಂದರೆ ಅವರಿಗೆ ಪ್ರಾಣಸಂಕಟ. ಮೊದಲ ದಿನ ಕಾಲನ್ನು ಪಂಚೆಯೊಳಗೆ ಎಳೆದುಕೊಂಡು, "ಬೇಡಮ್ಮ, ನೀನು ಮುಟ್ಟಬೇಡ, ವಾಸನೆ ಬರ್ತದೆ" ಅಂದರು. ಅಕ್ಕ ನೆಲದ ಮೇಲೆ ಕೂತೇ ಹೇಳಿದರು: "ಪೇತ್ರನೂ ಹೀಗೇ ಅಂದದ್ದಲ್ವಾ ಮಾಸ್ಟ್ರೇ? ಸಂಡೇ ಸ್ಕೂಲಲ್ಲಿ ನೀವೇ ಹೇಳಿಕೊಟ್ಟದ್ದು." ಅಪ್ಪನ ಬಾಯಿ ಕಟ್ಟಿತು. ಕಾಲು ಹೊರಗೆ ಬಂತು.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ನಾನು ಎಷ್ಟೋ ಸಲ ಓದಿದ್ದೇನೆ. ಯೇಸುಸ್ವಾಮಿ ಬಗ್ಗಿ ಶಿಷ್ಯರ ಕಾಲು ತೊಳೆದದ್ದೇ ಯಾವಾಗಲೂ ಕಣ್ಣಿಗೆ ಬೀಳುತ್ತಿತ್ತು. ಕಾಲು ಚಾಚಲು ಒಪ್ಪದ ಶಿಷ್ಯ ಪೇತ್ರನ ಸಂಕಟ ಅರ್ಥವಾದದ್ದು ಈ ಸಲವೇ. ತೊಳೆಯುವುದಕ್ಕಿಂತ ತೊಳೆಸಿಕೊಳ್ಳಲು ಜಾಸ್ತಿ ತಗ್ಗಬೇಕು ಅಂತ ಈಗ ಅನ್ನಿಸುತ್ತದೆ. ಅಪ್ಪನಂಥವರಿಗಂತೂ ಹೌದು.

ಅಕ್ಕನ ಕೆಲಸ ನೋಡಬೇಕಿತ್ತು. ಕುದಿಸಿ ಆರಿಸಿದ ನೀರನ್ನು ಮೊದಲು ತಮ್ಮ ಮೊಣಕೈ ಮೇಲೆ ಸುರಿದುಕೊಳ್ಳುವರು. ಬಿಸಿ ಜಾಸ್ತಿಯಾದರೆ ಅಪ್ಪನ ಕಾಲು ಹೇಳುವುದಿಲ್ಲವಲ್ಲ! ಆಮೇಲೆ ಬೆರಳ ಸಂದಿ ಒಂದೊಂದಾಗಿ ಬಿಡಿಸಿ ಒರೆಸುವರು. ಅಂಗಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವರು.

ಈ ನೋವಿಲ್ಲದ ಕಾಲಿನ ಬಗ್ಗೆ ಡಾಕ್ಟರು ಒಂದು ವಿಷಯ ಹೇಳಿದರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿಗಳ ಮಗನಾಗಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಕ್ರೈಸ್ತ ಆಸ್ಪತ್ರೆಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲು ಹಿಡಿದು ನೋಡಿದವರು. ಆಗ ಅವರನ್ನು ಮುಟ್ಟಲೂ ಜನ ಹೆದರುತ್ತಿದ್ದರು. ಬೆರಳುಗಳು ಕೊಳೆತು ಉದುರುವುದಲ್ಲ, ನೋವು ತಿಳಿಯದೆ ಸುಟ್ಟುಕೊಂಡು, ಗಾಯ ಮಾಡಿಕೊಂಡು ಹಾಳಾಗುತ್ತವೆ ಎಂದು ಅವರು ತೋರಿಸಿಕೊಟ್ಟರು. ಮುಂದೆ ಅಮೆರಿಕಕ್ಕೆ ಹೋದಾಗ ಅದೇ ತಿಳಿವಳಿಕೆಯನ್ನು ಸಕ್ಕರೆ ಕಾಯಿಲೆಯವರ ಕಾಲಿಗೂ ತಂದರು. ಅಪ್ಪ ಈಗ ಹಾಕುವ ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಚಪ್ಪಲಿ ನಮ್ಮಲ್ಲಿ ಮೊದಲು ಕುಷ್ಠರೋಗಿಗಳ ಕಾಲಿನಲ್ಲಿದ್ದದ್ದು. ಕಂಕನಾಡಿಯ ಕಥೆಯೂ ಬೇರೆಯಲ್ಲ. ಆ ಆಸ್ಪತ್ರೆಯ ಸ್ಥಾಪಕ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧ ಕೊಡಲು ಶುರುಮಾಡಿ, ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೂ ಜಾಗ ಮಾಡಿಕೊಟ್ಟವರು.

ನಮ್ಮ ಸಭೆಯವರು ಬೇಜಾರು ಮಾಡಿಕೊಳ್ಳಬಾರದು, ಒಂದು ಮಾತು. ಸ್ಮರಣ ಸಂಚಿಕೆ ತರುವಾಗ ನಾವು ಮಿಷನರಿಗಳಾದ ಮೋಗ್ಲಿಂಗರ 1843ರ ಕನ್ನಡ ಪತ್ರಿಕೆ, ಕಿಟ್ಟೆಲರ 1894ರ ಕನ್ನಡ ನಿಘಂಟು ಅಂತ ಹೆಮ್ಮೆಯಿಂದ ಬರೆಯುತ್ತೇವೆ. ಬರೆಯಬೇಕಾದ್ದೇ. ಆದರೆ ಬಿಸಿಲು ಮಳೆ ನೋಡದೆ ಮನೆಮನೆಗೆ ನಡೆದು, ಹೆಂಗಸರಿಗೆ ಓದಿ ಹೇಳಿ, ಕಷ್ಟಸುಖ ಕೇಳುತ್ತಿದ್ದ ಬೈಬಲ್ ಸ್ತ್ರೀಯರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಶಿಷ್ಯರಾದ ಯಾಕೋಬ, ಯೋಹಾನರು ಯೇಸುಸ್ವಾಮಿಯ ಎಡಬಲದ ಜಾಗ ಕೇಳಿದಾಗ ಸ್ವಾಮಿ ಏನು ಹೇಳಿದರು ಅಂತ ನಮಗೆಲ್ಲ ಬಾಯಿಪಾಠ. ದೊಡ್ಡವನಾಗಬೇಕಾದರೆ ಸೇವಕನಾಗು ಅಂತ. ಆದರೂ ಕಮಿಟಿ ಚುನಾವಣೆ ಬಂತೆಂದರೆ ಎಡಬಲದ ಕುರ್ಚಿಗೆ ನಮ್ಮದು ಏನು ಜಗ್ಗಾಟ! ಇರಲಿ ಬಿಡಿ.

ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಹಾಕಿಕೊಂಡು ಮಲಗಿದ ಯೂತ್‌ನ ಹುಡುಗರು, ಗಂಜಿ ಚಟ್ನಿ ಕಳಿಸಿದ ಸ್ತ್ರೀಯರ ಕೂಟದವರು, ಕರೆದಾಗಲೆಲ್ಲ ಬಂದು ಪೆಟ್ರೋಲಿಗೂ ದುಡ್ಡು ತೆಗೆದುಕೊಳ್ಳದ ಪಕ್ಕದ ಮನೆಯ ಆಟೋದ ಸಾಹೇಬರು, ನಿಮಗೆಲ್ಲ ಅಪ್ಪ, ಅಮ್ಮ ಮತ್ತು ನನ್ನ ಕಡೆಯಿಂದ ಮನಸಾರೆ ವಂದನೆಗಳು. ನಮ್ಮ ಪಾದ್ರಿ ಅಯ್ಯನವರು ಪ್ರಾರ್ಥನೆಗೆ ಬಂದವರು ಅಡಿಗೆಮನೆಗೆ ಹೋಗಿ ಪಾತ್ರೆ ತೊಳೆದದ್ದನ್ನು ಅಮ್ಮ ಇನ್ನೂ ಎಲ್ಲರಿಗೂ ಹೇಳುತ್ತಿದ್ದಾರೆ.

ಅಪ್ಪ ಈಗ ಅಕ್ಕ ಬರುವ ಹೊತ್ತಿಗೆ ತಾವೇ ಬೇಸಿನ್ ಇಟ್ಟುಕೊಂಡು ಕಾಯುತ್ತಾರೆ. ಮೊನ್ನೆ ಅಕ್ಕ ನಗುತ್ತಾ, "ಇನ್ನು ಪೇತ್ರನ ಹಾಗೆ ಕೈ, ತಲೆ ಎಲ್ಲ ತೊಳಿ ಅಂತ ಹೇಳ್ಬೇಡಿ ಮಾಸ್ಟ್ರೇ, ನಂಗೆ ಚರ್ಚ್ ಗುಡಿಸ್ಲಿಕ್ಕುಂಟು" ಅಂದರು.

ವಾಕರ್ ಮತ್ತು ಒಡೆಯದ ಡ್ರೆಸ್ಸಿಂಗ್ ಪ್ಯಾಕೆಟ್‌ಗಳು ನಮ್ಮ ಮನೆಯಲ್ಲಿವೆ. ಯಾರಿಗಾದರೂ ಬೇಕಿದ್ದರೆ ಸಂಕೋಚಪಡದೆ ಬಂದು ತೆಗೆದುಕೊಂಡು ಹೋಗಿ.