‘ಎರಡಕ್ಕೆ’ ತಡೆದುಕೊಳ್ಳುವ ಮಕ್ಕಳ ಬಗ್ಗೆ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಹೋದ ವಾರ ಒಂದು ಮಗು ತರಗತಿಯ ಮೂಲೆಯಲ್ಲಿ ತುದಿಗಾಲ ಮೇಲೆ ನಿಂತು, ಕಾಲು ಬಿಗಿ ಹಿಡಿದುಕೊಂಡಿತ್ತು. ಹಣೆ ತುಂಬ ಬೆವರು. ಕೇಳಿದರೆ ಏನಿಲ್ಲ ಎಂದು ತಲೆಯಾಡಿಸಿತು. ಐದು ದಿನದಿಂದ ಎರಡಕ್ಕೆ ಹೋಗಿಲ್ಲ ಎಂದು ಆಮೇಲೆ ತಾಯಿಯಿಂದ ಗೊತ್ತಾಯಿತು.

ಇದು ಅಪರೂಪವಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದರೆ, ನೂರರಲ್ಲಿ 9–10 ಮಕ್ಕಳಿಗೆ ಮಲಬದ್ಧತೆ ಇದೆ. ಅಂದರೆ 40 ಮಕ್ಕಳ ತರಗತಿಯಲ್ಲಿ ಮೂರು ನಾಲ್ಕು ಮಕ್ಕಳು! ಹೆಚ್ಚಿನವರಿಗೆ ಒಳಗೆ ಬೇರೆ ರೋಗವೇನೂ ಇರುವುದಿಲ್ಲ. ಒಮ್ಮೆ ಗಟ್ಟಿಯಾಗಿ ನೋವಾಗುತ್ತದೆ, ಮಗು ಹೆದರಿ ತಡೆದುಕೊಳ್ಳುತ್ತದೆ. ತಡೆದಷ್ಟೂ ಕರುಳು ನೀರು ಹೀರಿಕೊಂಡು ಮಲ ಇನ್ನೂ ಗಟ್ಟಿಯಾಗುತ್ತದೆ. ದಿನ ಕಳೆದಂತೆ ಬಂತು ಅನ್ನುವುದೇ ಮಗುವಿಗೆ ತಿಳಿಯುವುದಿಲ್ಲ. ಗಟ್ಟಿ ಮಲದ ಪಕ್ಕದಿಂದ ನೀರಾಗಿ ಸೋರಿ ಚಡ್ಡಿ ಕೊಳೆಯಾಗುತ್ತದೆ. ಅದು ಭೇದಿಯಲ್ಲ, ಸೋಮಾರಿತನವೂ ಅಲ್ಲ. ದಯವಿಟ್ಟು ಹೊಡೆಯಬೇಡಿ, ಅದು ಮಗುವಿನ ಕೈಯಲ್ಲಿಲ್ಲ.

ಕಕ್ಕಸು ಅಭ್ಯಾಸ ಮಾಡಿಸುವ ವಯಸ್ಸಿನವರು, ಹೊಸದಾಗಿ ಶಾಲೆಗೆ ಸೇರಿದವರು, ನೀರು ಕಡಿಮೆ ಕುಡಿಯುವವರಲ್ಲಿ ಇದು ಜಾಸ್ತಿ. ಮನೆಯಲ್ಲಿ ವಯಸ್ಸಾದವರು, ಗರ್ಭಿಣಿಯರು, ಕಬ್ಬಿಣದ ಮಾತ್ರೆ ನುಂಗುವವರಿದ್ದರೆ ಅವರನ್ನೂ ವಿಚಾರಿಸಿ.

ನಮ್ಮ ತಪ್ಪೂ ಇದೆ. ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಕೆಟ್ಟು ಬಹಳ ದಿನವಾಗಿತ್ತು. ಬಾಗಿಲು ಹಾಕಲಾಗದ ಕಡೆ ಯಾವ ಮಗು ಕೂರುತ್ತದೆ? ಹೋಗಬಾರದು ಅಂತಲೇ ಬಾಟಲಿ ನೀರನ್ನು ಹಾಗೇ ಮನೆಗೆ ಒಯ್ಯುತ್ತಿದ್ದರು, ನಮ್ಮ ದಾವಣಗೆರೆಯ ಬಿಸಿಲಲ್ಲಿ! ಈಗ ಚಿಲಕ ಹಾಕಿಸಿದ್ದೇವೆ. ಬಕೆಟ್, ಮಗ್, ನೀರು ಇರುತ್ತವೆ. ಪಾಠದ ನಡುವೆಯೂ ಎದ್ದು ಹೋಗಬಹುದು, ಯಾರೂ ಬೈಯುವುದಿಲ್ಲ.

ಬೆಳಿಗ್ಗೆ ತಿಂಡಿಯಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಆಟೋ ಬಂತು ಎಂದು ಅವಸರ ಮಾಡದೆ, ಐದು ಹತ್ತು ನಿಮಿಷ ಸುಮ್ನೆ ಕೂರಲು ಬಿಡಿ. ಕಮೋಡ್ ಆದರೆ ಕಾಲಿನ ಕೆಳಗೆ ಒಂದು ಮಣೆ ಇಡಿ. ಸಂಜೆ ಮಂಡಕ್ಕಿ ಮಿರ್ಚಿ ತಿನ್ನಲಿ, ಬೇಡ ಅನ್ನುವುದಿಲ್ಲ. ಆದರೆ ರಾಗಿ ಮುದ್ದೆಗೆ ಸೊಪ್ಪಿನ ಸಾರು, ಜೊತೆಗೆ ಸೀಬೆಯೋ ಪಪ್ಪಾಯಿಯೋ ಸಿಗಲಿ.

ಒಂದು ತಿಂಗಳಿಂದ ವಾರಕ್ಕೆ ಎರಡೇ ಸಲ ಹೋಗುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ರಕ್ತ, ವಾಂತಿ, ಹೊಟ್ಟೆ ಉಬ್ಬರ, ತೂಕ ಇಳಿಯುವುದು ಕಂಡರೆ ತಡ ಮಾಡಲೇಬೇಡಿ. ನೀವಾಗಿಯೇ ಹರಳೆಣ್ಣೆ ಕುಡಿಸಬೇಡಿ. ಔಷಧಿ ತಿಂಗಳುಗಟ್ಟಲೆ ಬೇಕಾಗಬಹುದು, ಒಂದು ವಾರಕ್ಕೆ ಗುಣವಾಯಿತು ಎಂದು ನಿಲ್ಲಿಸಬೇಡಿ.

ಸಭೆಯಲ್ಲಿ ಹೇಳಲು ಸಂಕೋಚವಾದರೆ ಮಗುವಿನ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ. ನಾನೇ ಓದುತ್ತೇನೆ.

ನಿಮ್ಮ
ಮುಖ್ಯ ಶಿಕ್ಷಕಿ
ದಾವಣಗೆರೆ